ಫ್ರಿಜ್ಜಿನ ನೆತ್ತಿಯ ಮೇಲಿನ ಸಂಸಾರ

ಆಯುಧಪೂಜೆಯ ದಿನ ಫ್ರಿಜ್ಜಿಗೂ ಒಂದು ಮರ್ಯಾದೆ ಸಿಗುತ್ತದೆ. ಗುದ್ದಲಿ, ಹಾರೆ, ಕತ್ತಿ, ಬೈಕು, ಪವರ್ ಟಿಲ್ಲರುಗಳ ಪೂಜೆಯಾದ ಮೇಲೆ ಅದಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮ, ಹಿಡಿಕೆಗೆ ಒಂದು ಮೊಳ ಸೇವಂತಿಗೆ. ಹೂವು ಬಾಡಿ ನಾಲ್ಕು ದಿನಕ್ಕೆ ಇಳಿಯುತ್ತದೆ. ಕುಂಕುಮ ಇಳಿಯುವುದಿಲ್ಲ. ಮುಂದಿನ ವರ್ಷದ ಬೊಟ್ಟು ಅದರ ಮೇಲೆಯೇ ಕೂರುತ್ತದೆ. ಸೊರಬ ತಾಲ್ಲೂಕಿನ ಉಳವಿ ಹೋಬಳಿಯ ಕೆಲವು ಅಡುಗೆಮನೆಗಳಲ್ಲಿ ಫ್ರಿಜ್ಜು ಕೊಂಡು ಎಷ್ಟು ವರ್ಷವಾಯಿತೆಂದು ಬಾಗಿಲಿನ ಈ ಕೆಂಪು ನೋಡಿಯೇ ಅಂದಾಜು ಮಾಡಿಬಿಡಬಹುದು. (ಉಳವಿ ಎಂದೊಡನೆ ಜೋಯಿಡಾ ಕಾಡಿನ ಚೆನ್ನಬಸವಣ್ಣನವರ ಉಳವಿ ನೆನಪಾಗುವವರಿಗೆ: ಇದು ಅದಲ್ಲ. ಇದು ಶಿವಮೊಗ್ಗ ಜಿಲ್ಲೆಯ, ಭತ್ತ, ಅಡಿಕೆ, ಶುಂಠಿಯ ಉಳವಿ.)

ಫ್ರಿಜ್ಜಿನ ಒಳಗನ್ನು ನಮ್ಮ ಹೆಂಗಸರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಹಾಲು ಚೆಲ್ಲಿದರೆ ಒರೆಸುತ್ತಾರೆ, ಹುಳಿಯಾದ ದೋಸೆಹಿಟ್ಟನ್ನು ತೆಗೆಯುತ್ತಾರೆ, ವಾಸನೆ ಬಂದರೆ ನಿಂಬೆಹೋಳು ಇಡುತ್ತಾರೆ. ಹೊರಗಿನದಕ್ಕೆ ಮಾತ್ರ ಯಾರೂ ವಾರಸುದಾರರಿಲ್ಲ. ನೆತ್ತಿಯ ಮೇಲೆ ಸ್ಟೆಬಿಲೈಸರ್, ಅದರ ಮೇಲೆ ಕ್ರೋಷಾ ಹೆಣಿಗೆಯ ಬಟ್ಟೆ, ಬಟ್ಟೆಯ ಮೇಲೆ ಮಾತ್ರೆ ಡಬ್ಬಿ, ಟಾರ್ಚು, ಒಂದು ಕಿವಿ ಮುರಿದ ಕನ್ನಡಕ, ಡೈರಿಗೆ ಹಾಲು ಹಾಕುವ ಪುಸ್ತಕ, ಸಂಘದ ವಾರದ ಕಂತಿನ ಪುಸ್ತಕ, ಪಡಿತರ ಚೀಟಿ, ಮಗಳ ಬಾಣಂತನದ ತಾಯಿ ಕಾರ್ಡು, ಮೆಸ್ಕಾಂ ಬಿಲ್ಲುಗಳ ಸುರುಳಿ, ಹೋದ ವೈಶಾಖದ ಮದುವೆ ಕರೆಯೋಲೆಗಳು. ಹಿಂದಿನ ಮೂಲೆಗೆ ಉಣುಗಿನಿಂದ ಕಾಪಾಡಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಟ್ಟ ಡೆಪಾ ಎಣ್ಣೆಯ ಬಾಟಲಿ. ಬಾಗಿಲ ಮೇಲೆ ಗ್ಯಾಸ್ ಏಜೆನ್ಸಿಯದೋ ಟಿ.ವಿ. ಅಂಗಡಿಯದೋ ಮ್ಯಾಗ್ನೆಟ್ಟು, ಮಕ್ಕಳು ಅಂಟಿಸಿದ ಕಾರ್ಟೂನ್ ಸ್ಟಿಕ್ಕರು, ಪಕ್ಕದ ಮೈಗೆ ತೂಗಿದ ಕ್ಯಾಲೆಂಡರು. ‘ಅದ್ರ ಮೇಲೆ ಎಂತೆಂತ ಐತೆ ಅಂತ ನಂಗೂ ಗೊತ್ತಿಲ್ಲ ತಂಗಿ, ತೆಗೀಬ್ಯಾಡ, ಆಮೇಲೆ ಒಂದೂ ಸಿಕ್ಕಲ್ಲ’ ಎಂದು ನಮ್ಮ ಕಡೆಯ ಹಿರಿಯಕ್ಕ ಒಬ್ಬರು ತಡೆದರು. ಅವರ ಮಾತಿನಲ್ಲಿ ತರ್ಕವಿದೆ. ಎಲ್ಲವೂ ಅಲ್ಲಿಯೇ ಇದೆ ಎಂಬ ಧೈರ್ಯ ಇರುವವರೆಗೆ ಯಾವುದು ಎಲ್ಲಿದೆ ಎಂದು ತಿಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ.

ಇದು ನಮ್ಮೂರಿನವರ ಜಾಯಮಾನ ಎಂದು ಬೈದುಕೊಳ್ಳಬೇಕಿಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ 32 ಮಧ್ಯಮವರ್ಗದ ಮನೆಗಳ ಒಳಹೊಕ್ಕು, ಸಾಮಾನುಗಳನ್ನು ಒಂದೊಂದಾಗಿ ಎಣಿಸಿ, 2012ರಲ್ಲಿ ಪುಸ್ತಕವಾಗಿ ತಂದರು. ಪುರಾತತ್ವದವರು ಹಾಳು ದಿಬ್ಬವನ್ನು ಅಗೆದು ಎಣಿಸುವ ಕ್ರಮದಲ್ಲೇ ಬದುಕಿರುವ ಮನೆಗಳ ಎಣಿಕೆ. ಅಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿದ್ದ ವಸ್ತುಗಳ ಸರಾಸರಿ 52. ಬಾಗಿಲ ಮೇಲೆ ಹೆಚ್ಚು ಅಂಟಿಸಿಕೊಂಡ ಮನೆಯಲ್ಲಿ ಒಳಗಿನ ಒಟ್ಟು ಸಾಮಾನೂ ಹೆಚ್ಚಿರುವುದು ಅವರ ಕಣ್ಣಿಗೆ ಬಿತ್ತು. ಅದೇ ಮನೆಗಳ ಮೇಲೆ ನಡೆದ ಇನ್ನೊಂದು ಅಧ್ಯಯನ 2010ರಲ್ಲಿ ಬಂತು. ತಮ್ಮ ಮನೆಯನ್ನು ವರ್ಣಿಸುವಾಗ ‘ಒಪ್ಪವಾಗಿಲ್ಲ, ಕೆಲಸ ಮುಗಿದಿಲ್ಲ’ ಎಂಬಂಥ ಮಾತುಗಳನ್ನು ಹೆಚ್ಚಾಗಿ ಆಡಿದ ಹೆಂಗಸರಲ್ಲಿ, ಸಂಜೆಯ ಹೊತ್ತಿಗೆ ಇಳಿಯಬೇಕಾದ ಒತ್ತಡದ ಹಾರ್ಮೋನು ಸರಿಯಾಗಿ ಇಳಿಯುತ್ತಿರಲಿಲ್ಲವಂತೆ. ಗಂಡಸರಲ್ಲಿ ಅಂಥ ನಂಟು ಅಷ್ಟಾಗಿ ಕಾಣಲಿಲ್ಲ. ಈ ಕೊನೆಯ ಸಂಗತಿಯನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿರಲಿಲ್ಲ ಎಂದು ಉಳವಿಯ ಯಾವ ಗೃಹಿಣಿಯಾದರೂ ಹೇಳಿಯಾರು.

ನಮ್ಮ ಕಡೆಗೆ ಬಂದರೆ ವಿಷಯ ಇನ್ನೊಂದಿದೆ. ಮಲೆನಾಡಿನ ಹಳೆಯ ಮನೆಯಲ್ಲಿ ಇಂಥ ಚಿಲ್ಲರೆಗೆಲ್ಲ ಕಟ್ಟುವಾಗಲೇ ಜಾಗ ಗೊತ್ತಾಗಿರುತ್ತಿತ್ತು. ಗೋಡೆಯ ಎತ್ತರದಲ್ಲಿ ನಾಗಂದಿಗೆ, ದೀಪಕ್ಕೂ ಚಿಮಣಿಬುಡ್ಡಿಗೂ ಗೋಡೆಯೊಳಗೇ ಗೂಡು, ಬೆಣ್ಣೆ ಮೊಸರಿಗೆ ಬೆಕ್ಕಿಗೆ ಎಟುಕದ ನೆಲುವು, ಉಪ್ಪಿನಕಾಯಿ ಭರಣಿಗಳಿಗೆ ಕತ್ತಲ ಕೋಣೆ, ಕತ್ತಿಗೆ ಜಗಲಿಯ ಗೂಟ. ಕಾಗದಪತ್ರಕ್ಕೆ ಕೊಕ್ಕೆಯಂತೆ ಬಾಗಿಸಿದ ಒಂದು ತಂತಿ: ಬಂದ ಕಾಗದವನ್ನು ಅದಕ್ಕೆ ಚುಚ್ಚಿದರೆ ಮುಗಿಯಿತು, ತಾರೀಖಿನ ಪ್ರಕಾರ ತಾನೇ ಜೋಡಣೆಯಾಗುತ್ತಿತ್ತು. ತಾರಸಿ ಮನೆ ಬಂತು. ನಾಗಂದಿಗೆ ಹೋಯಿತು, ಗೂಡು ಮುಚ್ಚಿತು. ಟೈಲ್ಸ್ ಹಾಕಿದ ಗೋಡೆಗೆ ಮೊಳೆ ಹೊಡೆಯಲು ಯಾರಿಗೂ ಮನಸ್ಸಿಲ್ಲ. ಕೈಗೆಟುಕುವ ಎತ್ತರದಲ್ಲಿ, ಸದಾ ಓಡಾಡುವ ದಾರಿಯಲ್ಲಿ, ಚಪ್ಪಟೆಯಾಗಿ ಉಳಿದದ್ದು ಫ್ರಿಜ್ಜಿನ ನೆತ್ತಿಯೊಂದೇ. ಅಷ್ಟೂ ಜಾಗಗಳ ಹೊರೆ ಅದರ ಮೇಲೆ ಬಿತ್ತು.

ಜಾಗದ ಜೊತೆಗೆ ಹೋದದ್ದು ಇನ್ನೊಂದು: ವರ್ಷಕ್ಕೊಮ್ಮೆ ಎಲ್ಲವನ್ನೂ ಕೆಳಗಿಳಿಸುವ ದಿನ. ಸೊರಬ–ಸಾಗರ ಸೀಮೆಯಲ್ಲಿ ಮಳೆಗಾಲ ಮುಗಿದು ಭೂಮಿ ಹುಣ್ಣಿಮೆ ಹತ್ತಿರವಾಗುವಾಗ ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿಯುವ ಕೆಲಸ ಶುರುವಾಗುತ್ತಿತ್ತು. ದೀವರ ಮನೆಗಳ ಹೆಂಗಸರು ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಚಿತ್ತಾರ ಬರೆಯುತ್ತಿದ್ದರು, ಈಗಲೂ ಬರೆಯುವವರಿದ್ದಾರೆ. ಗೋಡೆಗೆ ಮಣ್ಣು ಬಳಿಯಬೇಕೆಂದರೆ ಗೋಡೆಯ ಮೇಲಿನದೆಲ್ಲ ಇಳಿಯಲೇಬೇಕು. ಇಳಿದದ್ದರಲ್ಲಿ ಅರ್ಧ ಮರಳಿ ಹತ್ತುತ್ತಿರಲಿಲ್ಲ, ಬಚ್ಚಲ ಒಲೆಗೆ ಹೋಗುತ್ತಿತ್ತು. ಬೇಡದ್ದನ್ನು ಬಿಡಿ ಎಂದು ಯಾರೂ ಉಪದೇಶ ಮಾಡಬೇಕಾಗಿರಲಿಲ್ಲ. ಕೆಮ್ಮಣ್ಣಿನ ಬೋಗುಣಿಯೇ ಆ ಕೆಲಸ ಮಾಡಿಸುತ್ತಿತ್ತು. ಫ್ರಿಜ್ಜಿಗೆ ಬಣ್ಣ ಬಳಿಯುವ ಹಬ್ಬವಿಲ್ಲ. ಆದ್ದರಿಂದ ಅದರ ಮೇಲೆ ಹತ್ತಿದ್ದು ಇಳಿಯುವ ಸಂದರ್ಭವೇ ಬರುವುದಿಲ್ಲ. ಒರೆಸುವ ಬಟ್ಟೆ, ಸೋಪುಗಳ ಮಾತು ಆಮೇಲೆ. ಮೊದಲು ಬೇಕಾದ್ದು ಒಂದು ದಿನ ಮತ್ತು ಇಳಿದ ಸಾಮಾನಿಗೆ ಬೇರೆ ಜಾಗ.

ಮೇಲೆ ಏನೂ ಇಲ್ಲದ ಫ್ರಿಜ್ಜು ನೋಡಬೇಕೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಮಕ್ಕಳ ಲಸಿಕೆ ಇಡುವ ಪೆಟ್ಟಿಗೆಯ ಮೇಲೆ ಯಾವ ವಸ್ತುವನ್ನೂ ಇಡಬಾರದು, ಗೋಡೆಯಿಂದ 10 ಸೆಂಟಿಮೀಟರಾದರೂ ದೂರವಿರಬೇಕು, ಬಿಸಿಲು ಬೀಳಬಾರದು, ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡಬೇಕು. ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳಲು ಇಷ್ಟೆಲ್ಲ ಶಿಸ್ತು. ನಮ್ಮ ಮನೆಯ ಹಾಲು, ಮೀನು, ಉಳಿದ ಸಾರಿಗೂ ಬೇಕಾದ್ದು ಹೆಚ್ಚುಕಡಿಮೆ ಅಷ್ಟೇ ತಂಪು. ದಿನಕ್ಕೆರಡು ಸಲ ಬರೆದಿಡುವುದು ಅತಿಯಾಯಿತು. ಮೊದಲ ಮೂರು ನಿಯಮ ಮಾತ್ರ ಮನೆಗೂ ಹೊಂದುತ್ತವೆ.

ಏಕೆಂದರೆ ಫ್ರಿಜ್ಜು ತಂಪನ್ನು ಎಲ್ಲಿಂದಲೋ ತರುವುದಿಲ್ಲ. ಒಳಗಿನ ಬಿಸಿಯನ್ನು ಹೀರಿ ಹೊರಗೆ ಬಿಡುತ್ತದೆ, ಅಷ್ಟೇ. ಹಳೆಯ ಮಾದರಿಗಳಲ್ಲಿ ಬೆನ್ನಿಗೆ ಕಪ್ಪು ಸರಳಿನ ಜಾಲರಿ ಇರುತ್ತದಲ್ಲ, ಬಿಸಿ ಹೊರಬೀಳುವುದು ಅಲ್ಲಿಂದ. ಈಚಿನ ಬಹಳಷ್ಟು ಮಾದರಿಗಳಲ್ಲಿ ಜಾಲರಿ ಕಾಣುವುದಿಲ್ಲ. ಕೊಳವೆಗಳನ್ನು ಪಕ್ಕದ ತಗಡಿನ ಒಳಮೈಗೆ ಕೂರಿಸಿರುತ್ತಾರೆ. ‘ಹೊಸ ಫ್ರಿಜ್ಜಿನ ಪಕ್ಕ ಮುಟ್ಟಿದರೆ ಬಿಸಿ, ಕೆಟ್ಟಿದೆಯೋ ಏನೋ’ ಎಂದು ಅಂಗಡಿಗೆ ಫೋನ್ ಮಾಡುವವರು ಇದನ್ನು ತಿಳಿದರೆ ಸಾಕು. ಆ ಬಿಸಿ ಪಕ್ಕದ ಮೇಲೆ ಕ್ಯಾಲೆಂಡರು, ಚೀಲ, ಒದ್ದೆ ಒರೆಸುಬಟ್ಟೆ ತೂಗುಹಾಕಿದರೆ, ನೆತ್ತಿಗೆ ಜೇಬುಗಳಿರುವ ಪ್ಲಾಸ್ಟಿಕ್ ಹೊದಿಕೆ ಹೊದಿಸಿದರೆ, ಬೆನ್ನಿನ ಜಾಲರಿಗೆ ಧೂಳು, ಜೇಡರ ಬಲೆ ಕಟ್ಟಿದರೆ ಬಿಸಿ ಹೋಗಲು ದಾರಿ ಕಡಿಮೆಯಾಗುತ್ತದೆ. ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ.

ಅದು ಯೂನಿಟ್ಟಿನ ಲೆಕ್ಕಕ್ಕೂ ಬರುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕರೆಂಟು ಪುಕ್ಕಟೆ ಎಂಬ ಭಾವನೆ ಊರಲ್ಲಿದೆ. ಪುಕ್ಕಟೆ ನಿಜ, ಆದರೆ ಯೋಜನೆ ಬರುವ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ತುಸು ಸೇರಿಸಿ ಗೊತ್ತುಮಾಡಿದ ಮಿತಿಯವರೆಗೆ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಮನೆಯಲ್ಲಿ ಹಗಲೂ ರಾತ್ರಿ ಉರಿಯುವ ಯಂತ್ರ ಫ್ರಿಜ್ಜೊಂದೇ. ಬಾಗಿಲ ಮೇಲೆ ನಕ್ಷತ್ರದ ಲೇಬಲ್ ಇರುತ್ತದಲ್ಲ, 2006ರಲ್ಲಿ ಇಂಧನ ದಕ್ಷತಾ ಬ್ಯೂರೋ ಶುರುಮಾಡಿದ್ದು, ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಆ ಅಂಕಿ ಪ್ರಯೋಗಾಲಯದ್ದು. ಅಲ್ಲಿ ಯಾರೂ ಫ್ರಿಜ್ಜಿಗೆ ಸೀರೆ ಉಡಿಸಿರುವುದಿಲ್ಲ.

ಮಾತ್ರೆ ಡಬ್ಬಿಯದು ಬೇರೆಯೇ ಕಥೆ. ಬೆನ್ನಿನಿಂದ ಏಳುವ ಬಿಸಿಗಾಳಿ ನೆತ್ತಿಗೇ ಬರುತ್ತದೆ, ಪಕ್ಕದಲ್ಲಿ ಒಲೆಯ ಆವಿ ಬೇರೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯ ಹಾಳೆಯ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗೆ, ತೇವವಿಲ್ಲದ ಕಡೆ ಇಡಿ ಎಂದಿರುತ್ತದೆ. ‘ಫ್ರಿಜ್ಜಿನ ಹತ್ತಿರ ತಂಪಲ್ಲವಾ’ ಎಂಬುದು ಪ್ರಾಮಾಣಿಕ ನಂಬಿಕೆ. ತಂಪಿರುವುದು ಬಾಗಿಲ ಒಳಗೆ. ಮಾತ್ರೆ ಡಬ್ಬಿಗೆ ಮಲಗುವ ಕೋಣೆಯ ಕಪಾಟೇ ಸರಿ.

ನೆತ್ತಿಯಷ್ಟೇ ಅಲಕ್ಷ್ಯಕ್ಕೆ ಬಿದ್ದದ್ದು ಬೆನ್ನಿನ ಬುಡ. ಅಲ್ಲಿ ಕಂಪ್ರೆಸರ್‌ನ ಮೇಲೆ ಒಂದು ಪುಟ್ಟ ತಟ್ಟೆ ಇರುತ್ತದೆ. ಒಳಗಿನ ಮಂಜು ಕರಗಿದ ನೀರು ಕೊಳವೆಯಲ್ಲಿ ಇಳಿದು ಅದರಲ್ಲಿ ನಿಲ್ಲುತ್ತದೆ, ಕಂಪ್ರೆಸರ್ ಬಿಸಿಗೆ ಆರಿ ಹೋಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಈ ಏರ್ಪಾಡು ಸಲೀಸಾಗಿ ನಡೆಯುತ್ತದೆ. ಉಳವಿಯ ಶ್ರಾವಣದಲ್ಲಿ ಗಾಳಿಯೇ ನೀರಾಗಿರುವಾಗ, ಮರ ಬಿದ್ದು ಲೈನು ಹರಿದು ದಿನಗಟ್ಟಲೆ ಕರೆಂಟಿಲ್ಲದಾಗ, ತಟ್ಟೆಯ ನೀರು ಆರುವುದಿಲ್ಲ. ಕರೆಂಟು ಹೋದಷ್ಟು ಹೊತ್ತು ಮಂಜು ಕರಗಿ ನೀರು ಮತ್ತಷ್ಟು ಬೀಳುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಕಿಲ್ಲ, ಇಂಥ ನೆರಳಿನ ತಿಳಿನೀರು ಅಂಗೈಯಷ್ಟಿದ್ದರೂ ಆಯಿತು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ಲಾರ್ವಾ ಹುಡುಕುತ್ತ ಮನೆಗೆ ಬರುವ ಆಶಾ ಕಾರ್ಯಕರ್ತೆ ಡ್ರಮ್ಮು, ತೊಟ್ಟಿ, ಹೂಕುಂಡ ನೋಡಿದ ಮೇಲೆ ಫ್ರಿಜ್ಜಿನ ಹಿಂದೆಯೂ ಬಗ್ಗಿ ನೋಡುವುದು ಇದಕ್ಕೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿದಾಗ ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ದಂಡವನ್ನೂ ಇಟ್ಟಿತು: ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200.

ತಟ್ಟೆ ಬಿಚ್ಚಲು ಬರುವಂತಿದ್ದರೆ ವಾರಕ್ಕೊಮ್ಮೆ ನೀರು ಚೆಲ್ಲಿ, ಅಂಚನ್ನು ಬ್ರಶ್ಶಿನಿಂದ ತಿಕ್ಕಬೇಕು. ಬರೇ ಚೆಲ್ಲಿದರೆ ಸಾಲದು, ಈಡಿಸ್‌ನ ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ನೀರಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ. ಕೆಲವು ಮಾದರಿಗಳಲ್ಲಿ ತಟ್ಟೆಯನ್ನು ತಿರುಪು ಹಾಕಿ ಬಿಗಿದಿರುತ್ತಾರೆ. ಅಲ್ಲಿ ಹಳೆಯ ಬಟ್ಟೆಯನ್ನು ಅದ್ದಿ ಹಿಂಡಿ ನೀರು ತೆಗೆಯುವುದೊಂದೇ ದಾರಿ.

ಸೊರಬ ತಾಲ್ಲೂಕಿಗೆ ರೋಗದ ವಿಷಯದಲ್ಲಿ ಉದಾಸೀನ ಒಗ್ಗುವುದಿಲ್ಲ. ಮಂಗನ ಕಾಯಿಲೆಯನ್ನು ಲೋಕ ಮೊದಲು ಗುರುತಿಸಿದ್ದು 1957ರಲ್ಲಿ, ಇಲ್ಲಿಯದೇ ಕ್ಯಾಸನೂರು ಕಾಡಿನಲ್ಲಿ. ವೈದ್ಯಗ್ರಂಥಗಳಲ್ಲೆಲ್ಲ ಆ ಕಾಯಿಲೆಗೆ ಇಂದಿಗೂ ಕ್ಯಾಸನೂರಿನದೇ ಹೆಸರು. ಅದನ್ನು ಹರಡುವುದು ಉಣುಗು. ಅದರಿಂದ ಕಾಪಾಡಿಕೊಳ್ಳಲು ಮೊದಲು ಡಿ.ಎಂ.ಪಿ. ಎಣ್ಣೆ, ಈಚೆಗೆ ಡೆಪಾ. ಕಾಯಿಲೆಯ ಕಾಲ ದೀಪಾವಳಿಯ ಆಚೆಗೆ ಶುರುವಾಗಿ ಮಳೆ ಹಿಡಿಯುವವರೆಗೆ. ಫ್ರಿಜ್ಜಿನ ಮೇಲೆ, ಮದುವೆ ಕಾಗದಗಳ ಹಿಂದೆ ಕೂತ ಬಾಟಲಿ ಬೆಳಗ್ಗೆ ಆರಕ್ಕೆ ದರಕು ಗುಡಿಸಲು ಕಾಡಿಗೆ ಹೊರಟವರ ಕಣ್ಣಿಗೆ ಬೀಳುವುದಿಲ್ಲ. ಅದು ಇರಬೇಕಾದ್ದು ಜಗಲಿಯಲ್ಲಿ, ಹಾಳೆಟೊಪ್ಪಿ ಮತ್ತು ಕತ್ತಿಯ ಪಕ್ಕ. ಅಡುಗೆ ಸಾಮಾನಿನ ಬಳಿ ಇರಲೇಬಾರದು.

ಇನ್ನು ತೊಳೆಯುವ ಕೆಲಸ. ಪ್ಲಗ್ ಕಿತ್ತ ಮೇಲೆ ಮೊದಲು ಒಣಬಟ್ಟೆ. ಧೂಳಿನ ಮೇಲೆ ನೇರ ನೀರು ಹಾಕಿದರೆ ಕೆಸರಾಗುತ್ತದೆ. ನೆತ್ತಿಯ ಮೇಲಿನ ಆ ಕಂದು ಜಿಡ್ಡು ಬೆರಳಿಗಂಟಿದರೆ ಬಿಡುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಒಗ್ಗರಣೆಯ ಎಣ್ಣೆ ಹಬೆಯಾಗಿ ಹಾರಿ, ಕೂತು, ಗಾಳಿಗೆ ಒಣಗಿ ಹೀಗೆ ಅರಗಿನಂತಾಗುತ್ತದೆ. ಸೂರ್ಯಕಾಂತಿ, ಸೋಯಾ ಎಣ್ಣೆಗಳು ಹೀಗೆ ಗಟ್ಟಿಯಾಗುವುದು ಹೆಚ್ಚು, ಕೊಬ್ಬರಿ ಎಣ್ಣೆ ಬಹಳ ಕಡಿಮೆ. ಹಾಗಾಗಿ ಕೊಬ್ಬರಿ ಎಣ್ಣೆಯನ್ನೇ ಬಟ್ಟೆಗೆ ಹಾಕಿ ಜಿಡ್ಡಿನ ಮೇಲೆ ಸವರಿ ಕಾಲು ಗಂಟೆ ಬಿಟ್ಟರೆ ಅದು ಮೆತ್ತಗಾಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನ ಬಟ್ಟೆ. ಸ್ಟಿಕ್ಕರಿನ ಅಂಟಿಗೂ ಇದೇ ಎಣ್ಣೆ. ಚಾಕುವಿನಿಂದ ಕೆರೆಯಬಾರದು. ಬಣ್ಣದ ಪದರ ಹರಿದ ಕಡೆ ತಗಡು ಬಯಲಾಗಿ, ನಮ್ಮ ಮಳೆಗಾಲದ ತೇವಕ್ಕೆ ಒಂದೇ ವರ್ಷದಲ್ಲಿ ತುಕ್ಕು ಕಾಣಿಸುತ್ತದೆ. ಪಾತ್ರೆ ಬೆಳಗುವ ಬೂದಿ, ತೆಂಗಿನ ನಾರು, ಉಕ್ಕಿನ ಜುಂಗು ಕೂಡ ಅದೇ ಕಾರಣಕ್ಕೆ ಬೇಡ.

ಅರಿಶಿನದ ಬೆರಳಚ್ಚಿಗೆ ಸೋಪು ಹಚ್ಚಿದವರು ಗಾಬರಿಯಾಗುವುದುಂಟು, ಹಳದಿ ಹೋಗುವ ಬದಲು ಕೆಂಪಾಗುತ್ತದೆ. ಕ್ಷಾರ ಸೋಕಿದರೆ ಅರಿಶಿನದ ಬಣ್ಣ ಕೆಂಪು, ಹುಳಿ ಸೋಕಿದರೆ ಮತ್ತೆ ಹಳದಿ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನಿಲ್ಲ. ಅಂಟುವಾಳದ ಕಾಯಿ ನೆನೆಸಿ ಸೋಸಿದ ನೀರು ಕ್ಷಾರವಲ್ಲ, ತುಸು ಹುಳಿಯ ಕಡೆಗೇ ಇರುತ್ತದೆ, ನೊರೆಯೂ ಬರುತ್ತದೆ. ಹಳದಿ ಕಲೆಗೆ ಅದೇ ವಾಸಿ. ಹಿಂದಿನವರು ರೇಷ್ಮೆ ಸೀರೆಗೂ ಚಿನ್ನಕ್ಕೂ ಬಳಸುತ್ತಿದ್ದ ನೀರು ಫ್ರಿಜ್ಜಿನ ಬಾಗಿಲಿಗೆ ಕೇಡು ಮಾಡಲಾರದು. ಉಳಿದ ಮಸುಕು ಹಳದಿಯನ್ನು ಬೆಳಕು ತಾನೇ ತೆಗೆಯುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಅಂಗಡಿಯ ಕುಂಕುಮದ್ದು ಹಟಮಾರಿ ಬಣ್ಣ. ಅದನ್ನು ಮೊದಲು ಒಣಗಿರುವಾಗಲೇ ಉದುರಿಸಿ, ಎಣ್ಣೆಯ ಬಟ್ಟೆಯಲ್ಲಿ ಒತ್ತಿ ತೆಗೆದು, ಕೊನೆಗೆ ನೀರು. ಮೊದಲೇ ನೀರು ಸೋಕಿದರೆ ಬೊಟ್ಟಿದ್ದದ್ದು ಗೆರೆಯಾಗಿ ಇಳಿಯುತ್ತದೆ. ಮುಂದಿನ ಪೂಜೆಗೆ ಒಂದು ಎಲೆಗೋ ಕಾಗದದ ಚೂರಿಗೋ ಬೊಟ್ಟಿಟ್ಟು ಅಂಟಿಸಿದರೆ ದೇವಿ ಬೇಸರ ಮಾಡಿಕೊಳ್ಳಲಾರಳು.

ಬಾಗಿಲಿನ ರಬ್ಬರು ಪಟ್ಟಿಯ ಮಡಿಕೆಯಲ್ಲಿ ಮಳೆಗಾಲವಿಡೀ ಬೂಷ್ಟು ಕಪ್ಪಗೆ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶು, ಸೋಪಿನ ನೀರು, ಆಮೇಲೆ ಒಣಬಟ್ಟೆ. ಆ ಪಟ್ಟಿಯೊಳಗೆ ಕಾಂತದ ಎಳೆಯಿದೆ, ಬಾಗಿಲು ತಾನಾಗಿ ಕಚ್ಚಿಕೊಳ್ಳುವುದು ಅದರಿಂದ. ಹಿಂದೆ ಚಿಲಕದಿಂದ ಮುಚ್ಚುವ ಫ್ರಿಜ್ಜುಗಳಿದ್ದವು. ಆಡುತ್ತ ಒಳಹೊಕ್ಕ ಮಕ್ಕಳು ಉಸಿರುಕಟ್ಟಿ ಸತ್ತ ಮೇಲೆ ಅಮೆರಿಕ 1956ರಲ್ಲಿ ಕಾನೂನನ್ನೇ ತಂದು, ಒಳಗಿನಿಂದ ತಳ್ಳಿದರೂ ತೆರೆಯುವ ಬಾಗಿಲು ಕಡ್ಡಾಯ ಮಾಡಿತು. ಅದಾಗಿ ಎರಡು ವರ್ಷಕ್ಕೆ, 1958ರಲ್ಲಿ, ಗೋದ್ರೆಜ್‌ನವರು ನಮ್ಮ ದೇಶದಲ್ಲಿ ಮೊದಲ ಫ್ರಿಜ್ಜು ತಯಾರಿಸಿದರು. ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಲು ಒಂದು ಕಾಗದವನ್ನು ಬಾಗಿಲಲ್ಲಿ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ತಂಪೂ ಹಾಗೆಯೇ ಹೋಗುತ್ತಿದೆ ಎಂದರ್ಥ. ಕಾಂತದ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ: ಬಾಗಿಲಿನ ಪುಟ್ಟ ಮ್ಯಾಗ್ನೆಟ್ಟುಗಳು ಮಕ್ಕಳ ಕೈಗೆ ಸಿಗಬಾರದು. ಎರಡು ನುಂಗಿದರೆ ಕರುಳಿನ ಗೋಡೆಗಳ ಆಚೆ ಈಚೆ ನಿಂತು ಒಂದಕ್ಕೊಂದು ಕಚ್ಚಿಕೊಳ್ಳಬಹುದು, ಆಪರೇಷನ್ನೇ ಬೇಕಾಗಬಹುದು.

ಕಾಗದಗಳದ್ದೇ ದೊಡ್ಡ ಪಾಲು. ಮೆಸ್ಕಾಂನವರು ಮನೆಬಾಗಿಲಲ್ಲಿ ಹರಿದುಕೊಡುವ ಬಿಲ್ಲು, ಎ.ಟಿ.ಎಂ. ಚೀಟಿ, ಅಂಗಡಿ ರಸೀದಿ ಇವೆಲ್ಲ ಬಿಸಿಗೆ ಮೂಡುವ ಅಕ್ಷರದ ಕಾಗದ. ಬಿಸಿಯಿಂದ, ಪ್ಲಾಸ್ಟಿಕ್ ಹೊದಿಕೆಯ ಜೇಬಿನಲ್ಲಿಟ್ಟಿದ್ದರಿಂದ ಅಕ್ಷರ ಮಾಸುತ್ತದೆ. ಮಿಕ್ಸಿಯ ವಾರಂಟಿ ಚೀಟಿ ಎರಡು ವರ್ಷದ ಮೇಲೆ ಖಾಲಿ ಹಾಳೆಯಾಗಿ ಸಿಕ್ಕರೆ ಕೊಟ್ಟವರನ್ನು ಬೈದು ಫಲವಿಲ್ಲ. ಉಳಿಸಬೇಕಾದ್ದರ ಜೆರಾಕ್ಸ್ ತೆಗೆಸಿ ಫೈಲಿಗೆ ಹಾಕಬೇಕು. ಪಡಿತರ ಚೀಟಿ, ತಾಯಿ ಕಾರ್ಡು, ಪಹಣಿ, ಸಂಘದ ಪುಸ್ತಕ ತೇವಕ್ಕೆ ಸಿಗದ ತಗಡಿನ ಪೆಟ್ಟಿಗೆಗೆ. ಮದುವೆ ಕಾಗದ, ಮದುವೆ ಮುಗಿದ ಮಾರನೆಯ ದಿನ, ದೇವರ ಚಿತ್ರವಿದ್ದರೂ, ಬಿಡಬಹುದು. ಚಿತ್ರವನ್ನು ಕತ್ತರಿಸಿ ಇಟ್ಟುಕೊಳ್ಳುವ ಪದ್ಧತಿ ಹಲವು ಮನೆಗಳಲ್ಲಿದೆ. ಆ ಚಿತ್ರಗಳೂ ಫ್ರಿಜ್ಜಿನ ಮೇಲೇ ಸೇರುತ್ತವೆ ಎಂಬುದು ಬೇರೆ ಮಾತು.

ಬಾಗಿಲ ಮೇಲೆ ಉಳಿಯಲು ಯೋಗ್ಯವಾದದ್ದು ಒಂದೇ ಒಂದು ಹಾಳೆ: 108, 104, ಕರೆಂಟು ಹೋದರೆ 1912, ಲೈನ್‌ಮನ್ನರ ನಂಬರು, ಆಶಾ ಕಾರ್ಯಕರ್ತೆಯ ನಂಬರು. ಅಜ್ಜ ಅಜ್ಜಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ.

ಉಳಿದದ್ದು ಮನೆಯ ಗಂಡಸರ ಕೆಲಸ. ನೆತ್ತಿಯ ಸಾಮಾನನ್ನು ಇನ್ನಷ್ಟು ಕೆದಕಿದರೆ ಸಿಗುವ ಸ್ಪ್ಯಾನರು, ಬೈಕಿನ ಕೀ, ಚಾರ್ಜರು, ಸ್ಪ್ರೇಯರಿನ ನಾಜಲ್, ಬೀಜದ ಪೊಟ್ಟಣ ಎಲ್ಲ ಯಾರದೆಂದು ತಿಳಿಯುತ್ತದೆ. ಒಳಗೆ ಒರೆಸುವವರು ಒಬ್ಬರು, ಹೊರಗೆ ಪೇರಿಸುವವರು ಇನ್ನೊಬ್ಬರು. ಅಡಿಕೆ ಕೊಯ್ಲು ಜೋರಾಗುವ ಮೊದಲು, ಭೂಮಿ ಹುಣ್ಣಿಮೆಗೂ ದೀಪಾವಳಿಯ ದೊಡ್ಡಹಬ್ಬಕ್ಕೂ ನಡುವೆ ಎರಡು ವಾರವಿದೆ. ಅಷ್ಟರಲ್ಲಿ ಒಂದು ಭಾನುವಾರ ಡ್ರಿಲ್ ಇರುವ ಪಕ್ಕದ ಮನೆಯವರನ್ನು ಕರೆದು, ಟೈಲ್ಸ್ ಇಲ್ಲದ ಗೋಡೆ ನೋಡಿ ಸ್ಟೆಬಿಲೈಸರಿಗೆ ಎರಡು ತಿರುಪು, ಕೀ ಗೊಂಚಲಿಗೆ ಒಂದು ಗೂಟ, ಕೈಗೆಟುಕುವ ಎತ್ತರದಲ್ಲಿ ಹಲಸಿನ ಹಲಗೆಯದೊಂದು ನಾಗಂದಿಗೆ ಹಾಕಿಕೊಡಿ. ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆಳೆದು ಬೆನ್ನಿನ ಜಾಲರಿಯನ್ನು ಹಿಡಿಸೂಡಿಯಿಂದ ಮೆಲ್ಲಗೆ ಗುಡಿಸುವುದಕ್ಕೂ ಎರಡು ಆಳು ಬೇಕು. ಹಿಂದಕ್ಕೆ ತಳ್ಳುವಾಗ ವೈರು ಕಾಲಡಿ ಸಿಕ್ಕದಂತೆ ನೋಡಿಕೊಂಡು, ಗೋಡೆಗೂ ಬೆನ್ನಿಗೂ ನಡುವೆ ಕೈ ಆಡುವಷ್ಟು ಜಾಗ ಬಿಡಿ.